ಅಂಗುಸ್ತಾನ ಹಾಕಿಕೊಂಡು ಹೊಲಿಯುವುದು ಹೇಗೆ? ಆಯ್ಕೆ, ಅಳತೆ, ಅಭ್ಯಾಸ: ಒಂದು ಸಮಗ್ರ ಮಾರ್ಗದರ್ಶಿ

ಕೈಹೊಲಿಗೆ ಮಾಡುವ ತುಂಬಾ ಜನರ ಡಬ್ಬಿಯಲ್ಲಿ ಅಂಗುಸ್ತಾನ ಇರುತ್ತದೆ. ಬೆರಳಲ್ಲಿ ಮಾತ್ರ ಇರುವುದಿಲ್ಲ. ಯಾಕೆ ಅಂತ ಕೇಳಿದರೆ ಎರಡು ಉತ್ತರ ಬರುತ್ತವೆ. ಒಂದು, "ಜಾರಿ ಬಿದ್ದು ಹೋಗುತ್ತದೆ." ಇನ್ನೊಂದು, "ಅದನ್ನು ಹಾಕಿಕೊಂಡರೆ ಬೆರಳಿಗೆ ಸೂಜಿ ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ." ಎರಡೂ ನಿಜವೇ. ಆದರೆ ಮೊದಲನೆಯದು ಅಳತೆಯ ತೊಂದರೆ, ಎರಡನೆಯದು ಅಭ್ಯಾಸದ ತೊಂದರೆ. ಎರಡಕ್ಕೂ ದಾರಿ ಇದೆ.

ಅದಕ್ಕೂ ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬಿಡಬೇಕು. ಅಂಗುಸ್ತಾನ ಅಂದರೆ ಸೂಜಿ ಚುಚ್ಚದ ಹಾಗೆ ಬೆರಳಿಗೆ ಹಾಕುವ ಕವಚ ಅಂತ ನಾವು ಅಂದುಕೊಂಡಿರುತ್ತೇವೆ. ಬೆರಳು ಉಳಿಯುತ್ತದೆ, ಸರಿ. ಆದರೆ ಅದರ ನಿಜವಾದ ಕೆಲಸ ಸೂಜಿಯನ್ನು ಹಿಂದಿನಿಂದ ತಳ್ಳುವುದು. ಇದು ತಲೆಗೆ ಹೋದರೆ ಉಳಿದದ್ದೆಲ್ಲ ಸುಲಭ.

## ಬರಿಗೈಗೂ ಅಂಗುಸ್ತಾನಕ್ಕೂ ಏನು ವ್ಯತ್ಯಾಸ?

ಬರಿಗೈಯಲ್ಲಿ ಹೊಲಿಯುವಾಗ ಗಮನಿಸಿ. ಹೆಬ್ಬೆರಳು, ತೋರುಬೆರಳಿನ ನಡುವೆ ಸೂಜಿಯನ್ನು ಬಿಗಿಯಾಗಿ ಚಿವುಟಿ ಹಿಡಿದು ಬಟ್ಟೆಗೆ ತೂರಿಸುತ್ತೇವೆ. ಆಮೇಲೆ ಕೈಬಿಟ್ಟು, ತುದಿ ಹಿಡಿದು ಎಳೆಯುತ್ತೇವೆ. ಪ್ರತಿ ಹೊಲಿಗೆಗೂ ಹಿಡಿ, ಬಿಡು, ಮತ್ತೆ ಹಿಡಿ. ಸ್ವಲ್ಪ ಹೊತ್ತಿಗೇ ಹೆಬ್ಬೆರಳಿನ ಬುಡ ನೋಯಲು ಶುರುವಾಗುತ್ತದೆ. ಸೂಜಿ ಗಟ್ಟಿ ಬಟ್ಟೆಯಲ್ಲಿ ಸಿಕ್ಕಿಕೊಂಡರೆ ಬೆರಳ ತುದಿಯಿಂದಲೇ ಒತ್ತುತ್ತೇವೆ. ಆಗ ಸೂಜಿಯ ಕಣ್ಣಿನ ಭಾಗ ಚರ್ಮದೊಳಗೆ ಇಳಿಯುತ್ತದೆ. ಹಾಕುವ ಬಲವೆಲ್ಲ ಅಷ್ಟು ಸಣ್ಣ ಜಾಗಕ್ಕೆ ಬೀಳುವುದರಿಂದ ಹೀಗಾಗುತ್ತದೆ.

ಅಂಗುಸ್ತಾನ ಹಾಕಿದ ಕೈಯ ಕೆಲಸ ಬೇರೆ ತರಹ. ಬಲ ಬರುವುದು ನಡುಬೆರಳಿನಿಂದ. ಅದು ಸೂಜಿಯ ಹಿಂದೆ ನಿಂತು ನೇರವಾಗಿ ತಳ್ಳುತ್ತದೆ. ಹೆಬ್ಬೆರಳು ಮತ್ತು ತೋರುಬೆರಳು ಸೂಜಿಗೆ ದಿಕ್ಕು ತೋರಿಸಿದರೆ ಸಾಕು, ಬಿಗಿ ಹಿಡಿಯುವುದು ಬೇಡ. ಕೈಗೆ ಆಯಾಸ ಕಡಿಮೆ. ಚಿಕ್ಕ, ಸಣ್ಣ ಸೂಜಿ ಹಿಡಿಯಲು ಬರುವುದರಿಂದ ಹೊಲಿಗೆಯೂ ಸಣ್ಣದಾಗುತ್ತದೆ, ಒಂದೇ ಸಮ ಬರುತ್ತದೆ. ನನ್ನ ಮಟ್ಟಿಗೆ ದೊಡ್ಡ ಲಾಭ ಇದೇ. ಬೆರಳು ಉಳಿಯುವುದು ಆಮೇಲಿನ ಮಾತು.

## ಹೆಸರು, ಹಿನ್ನೆಲೆ

ಅಂಗುಸ್ತಾನ ಅನ್ನುವ ಪದ ಪಾರಸಿಯಿಂದ ಬಂದದ್ದು, ಅಲ್ಲಿ 'ಅಂಗುಷ್ತ್' ಅಂದರೆ ಬೆರಳು. ಇಂಗ್ಲಿಷಿನ 'ತಿಂಬಲ್' ಹೆಬ್ಬೆರಳಿನ ಹೆಸರಿನಿಂದ ಹುಟ್ಟಿದ್ದು. ಜರ್ಮನ್ನರು 'ಫಿಂಗರ್‌ಹೂಟ್' ಅನ್ನುತ್ತಾರೆ, ಅಂದರೆ ಬೆರಳ ಟೋಪಿ. ಅದೇ ಆಕಾರದ ಹೂ ಬಿಡುವ ಒಂದು ಗಿಡಕ್ಕೂ ಜರ್ಮನ್‌ನಲ್ಲಿ ಅದೇ ಹೆಸರು. ಸಸ್ಯಶಾಸ್ತ್ರಜ್ಞ ಲಿಯೊನ್‌ಹಾರ್ಟ್ ಫುಕ್ಸ್ 1542ರಲ್ಲಿ ಆ ಹೆಸರನ್ನು ಲ್ಯಾಟಿನ್‌ಗೆ ತಂದು 'ಡಿಜಿಟಾಲಿಸ್' ಅಂತ ಕರೆದರು. ಹೃದಯದ ಔಷಧಿಯಿಂದಾಗಿ ಇವತ್ತಿಗೂ ಆ ಹೆಸರು ಬಳಕೆಯಲ್ಲಿದೆ. ವರ್ಕ್‌ಶಾಪಿನಲ್ಲಿ ಮೈಕ್ರೋಮೀಟರ್ ಹಿಡಿದವರಿಗೆ ಗೊತ್ತಿರುತ್ತದೆ, ಅದರಲ್ಲಿ ತಿರುಗಿಸುವ ಕೊಳವೆಯ ಹೆಸರೂ ತಿಂಬಲ್ಲೇ.

ಜರ್ಮನಿಯ ನ್ಯೂರೆಂಬರ್ಗ್ 16ನೇ ಶತಮಾನದ ಹೊತ್ತಿಗೆ ಹಿತ್ತಾಳೆಯ ಅಂಗುಸ್ತಾನಗಳಿಗೆ ಹೆಸರಾಗಿತ್ತು. 1690ರ ದಶಕದಲ್ಲಿ ಜಾನ್ ಲಾಫ್ಟಿಂಗ್ ಎಂಬ ಡಚ್ ಕುಶಲಕರ್ಮಿ ಲಂಡನ್ ಹತ್ತಿರದ ಇಸ್ಲಿಂಗ್ಟನ್‌ನಲ್ಲಿ ಇದಕ್ಕೆಂದೇ ಕಾರ್ಖಾನೆ ಶುರು ಮಾಡಿದರು. ಆಮೇಲೆ ನೀರಿನ ಬಲದಿಂದ ಯಂತ್ರ ಓಡಿಸಲು ಥೇಮ್ಸ್ ನದಿಯ ದಡದ ಮಾರ್ಲೋಗೆ ಹೋದರು. ಇದಕ್ಕಿಂತ ನನಗೆ ಇಷ್ಟವಾಗುವುದು 1884ರ ಒಂದು ಪೇಟೆಂಟ್. ಬೆಳ್ಳಿಯ ಅಂಗುಸ್ತಾನ ನೋಡಲು ಚೆನ್ನ, ಆದರೆ ಬೆಳ್ಳಿ ಮೆತ್ತಗಿನ ಲೋಹ. ಉಕ್ಕಿನ ಸೂಜಿ ಅದನ್ನು ತೂತು ಮಾಡುತ್ತದೆ. ಇಂಗ್ಲೆಂಡಿನ ಚಾರ್ಲ್ಸ್ ಹಾರ್ನರ್ ಎರಡು ಪದರ ಬೆಳ್ಳಿಯ ನಡುವೆ ಉಕ್ಕಿನ ಪದರ ಇಟ್ಟು 'ಡಾರ್ಕಸ್' ಅನ್ನುವ ಅಂಗುಸ್ತಾನ ಮಾಡಿದರು. ಹೊಲಿಯುವವರ ಕಷ್ಟ ಅರ್ಥ ಮಾಡಿಕೊಂಡು ಮಾಡಿದ ಕೆಲಸ ಅದು.

## ಹಂತ 1: ಯಾವ ಬೆರಳು?

ಸೂಜಿ ಹಿಡಿಯುವ ಕೈಯ ನಡುಬೆರಳು. ಎಡಗೈಯಲ್ಲಿ ಹೊಲಿಯುವವರಿಗೆ ಎಡಗೈಯ ನಡುಬೆರಳು. ಹೆಬ್ಬೆರಳು ಮತ್ತು ತೋರುಬೆರಳು ಸೂಜಿ ಹಿಡಿದಿರುವಾಗ ಅದರ ಹಿಂತುದಿಗೆ ಸುಲಭವಾಗಿ ಸಿಗುವ ಬೆರಳು ಇದೇ.

ತೋರುಬೆರಳಿಗೆ ಹಾಕಿಕೊಂಡು ನೋಡಿ ಬೇಜಾರಾಗಿ ಬಿಟ್ಟವರು ತುಂಬಾ ಜನ ಇದ್ದಾರೆ. ಸೂಜಿ ಹಿಡಿಯುವ ಬೆರಳಿಗೇ ಲೋಹ ತೊಡಿಸಿದರೆ ಹಿಡಿತ ತಪ್ಪದೆ ಇರುತ್ತದಾ? ಇನ್ನು ಕೆಲವರಿಗೆ ಉಂಗುರ ಬೆರಳಿನಿಂದ ತಳ್ಳುವುದು ಸಹಜವಾಗಿ ಬರುತ್ತದೆ. ಅಂಥವರು ಅದಕ್ಕೇ ಹಾಕಿಕೊಳ್ಳಲಿ. ನಿಮ್ಮದು ಯಾವುದು ಅಂತ ತಿಳಿಯಲು ಬರಿಗೈಯಲ್ಲಿ ನಾಲ್ಕು ಹೊಲಿಗೆ ಹಾಕಿ. ಸೂಜಿಯ ಹಿಂದೆ ತಾನಾಗಿ ಬಂದು ನಿಲ್ಲುವ ಬೆರಳು ಯಾವುದು ಅಂತ ನೋಡಿ.

## ಹಂತ 2: ಯಾವ ತರಹದ್ದು?

ಮುಖ್ಯವಾಗಿ ಎರಡು ಬಗೆ. ಟೋಪಿಯ ಹಾಗೆ ತುದಿ ಮುಚ್ಚಿರುವುದು, ಎರಡೂ ಕಡೆ ತೆರೆದಿರುವುದು. ತುದಿ ತೆರೆದದ್ದನ್ನು ಟೈಲರ್‌ಗಳು ಜಾಸ್ತಿ ಬಳಸುತ್ತಾರೆ. ಅವರು ತಳ್ಳುವುದು ಬೆರಳಿನ ಪಕ್ಕದಿಂದ, ತುದಿಯಿಂದ ಅಲ್ಲ. ಬೆರಳ ತುದಿ ಹೊರಗಿರುವುದರಿಂದ ಬಟ್ಟೆ ಮುಟ್ಟಿ ನೋಡಬಹುದು, ಗಾಳಿಯೂ ಆಡುತ್ತದೆ. ಉಗುರು ಬೆಳೆಸಿದವರಿಗೂ ಇದೇ ಸರಿ.

ಮುಚ್ಚಿದ ತುದಿಯದ್ದು ಹೊಸಬರಿಗೆ ಸುಲಭ, ಎಲ್ಲಿ ಒತ್ತಿದರೂ ನಡೆಯುತ್ತದೆ. ಇದರಲ್ಲೇ ಕೌದಿ ಹೊಲಿಯುವವರಿಗೆಂದು ಮಾಡಿದ ಒಂದು ಬಗೆ ಇದೆ. ಅದರ ತಲೆ ಚಪ್ಪಟೆ, ಸುತ್ತ ಸ್ವಲ್ಪ ಎತ್ತರದ ಅಂಚು. ಸೂಜಿ ಪಕ್ಕಕ್ಕೆ ಜಾರದಂತೆ ಆ ಅಂಚು ತಡೆಯುತ್ತದೆ.

ಜಪಾನಿನಲ್ಲಿ 'ಯುಬಿನುಕಿ' ಅಂತ ಉಂಗುರದಂಥ ಅಂಗುಸ್ತಾನ ಇದೆ. ನಡುಬೆರಳಿನ ಎರಡು ಗೆಣ್ಣುಗಳ ನಡುವೆ ಹಾಕುತ್ತಾರೆ. ಅಲ್ಲಿನ ಸಾಶಿಕೊ ಕಸೂತಿಗೆ ಉದ್ದ ಸೂಜಿ ಬೇಕು. ಅದಕ್ಕೆ ಉಂಗುರದ ಜೊತೆ ಒಂದು ಬಿಲ್ಲೆಯೂ ಇರುವ ಬಗೆಯನ್ನು ಬೆರಳಿನ ಬುಡಕ್ಕೆ ಹಾಕುತ್ತಾರೆ. ಬಿಲ್ಲೆ ಅಂಗೈ ಕಡೆಗಿರುತ್ತದೆ, ಸೂಜಿಯ ಹಿಂತುದಿ ಅದಕ್ಕೆ ಆನಿಕೊಳ್ಳುತ್ತದೆ. ಹಡಗಿನ ಹಾಯಿ ಹೊಲಿಯುವವರು ಅಂಗೈಗೆ ಚರ್ಮದ ಪಟ್ಟಿ ಕಟ್ಟಿ, ಅದರಲ್ಲಿ ಕೂರಿಸಿದ ಲೋಹದ ತುಂಡಿನಿಂದ ತಳ್ಳುತ್ತಾರೆ. ಸೂಜಿ ದೊಡ್ಡದಾದಷ್ಟೂ ತಳ್ಳುವ ಜಾಗ ಬೆರಳ ತುದಿಯಿಂದ ಅಂಗೈ ಕಡೆಗೆ ಸರಿಯುತ್ತದೆ.

ಇನ್ನು ಯಾವ ವಸ್ತುವಿನದು ಅನ್ನುವ ಪ್ರಶ್ನೆ. ಹಿತ್ತಾಳೆ ಮತ್ತು ಉಕ್ಕು ದಿನಬಳಕೆಗೆ ಒಳ್ಳೆಯವು. ಬರಿ ಹಿತ್ತಾಳೆ ಬೆವರಿಗೆ ಹಸಿರು ಬಣ್ಣ ಬಿಡಬಹುದು, ತೊಳೆದರೆ ಹೋಗುತ್ತದೆ. ಆದರೆ ನಿಕ್ಕೆಲ್ ಲೇಪನದ ಬಗ್ಗೆ ಜಾಗ್ರತೆ. ಕಿವಿಗೆ ಅಗ್ಗದ ಓಲೆ ಹಾಕಿದರೆ ತುರಿಕೆ ಬರುವವರಿಗೆ ನಿಕ್ಕೆಲ್ ಆಗದೆ ಇರಬಹುದು. ಅಂಥವರಿಗೆ ಚರ್ಮ, ಪ್ಲಾಸ್ಟಿಕ್ ಅಥವಾ ಬೆಳ್ಳಿಯದ್ದು ಒಳ್ಳೆಯದು. ಪ್ಲಾಸ್ಟಿಕ್ ಹಗುರ, ಅಳತೆ ಗೊತ್ತು ಮಾಡಿಕೊಳ್ಳಲು ಸಾಕು, ಆದರೆ ಗಟ್ಟಿ ಬಟ್ಟೆಗೆ ಒತ್ತಿದರೆ ಸೂಜಿ ಅದರೊಳಗೇ ಇಳಿಯುತ್ತದೆ. ಪಿಂಗಾಣಿಯದ್ದು ಕಪಾಟಿನಲ್ಲಿಡಲು ಚೆಂದ. ನುಣುಪಾಗಿರುವುದರಿಂದ ಸೂಜಿ ನಿಲ್ಲುವುದಿಲ್ಲ, ಹೊಲಿಗೆಗೆ ಬೇಡ.

ಚರ್ಮದ್ದು ಮೆತ್ತಗೆ ಬೆರಳಿಗೆ ಹೊಂದಿಕೊಳ್ಳುತ್ತದೆ. ಲೋಹ ಕಂಡರೆ ಆಗದವರು ಇದರಿಂದಲೇ ಶುರು ಮಾಡಲಿ. ಬಳಸುತ್ತಾ ಹಿಗ್ಗುತ್ತದೆ, ಒಂದೇ ಕಡೆ ಒತ್ತುವುದರಿಂದ ಅಲ್ಲಿ ತೂತಾಗುತ್ತದೆ. ಆಗ ಹೊಸದು ಬೇಕು.

## ಹಂತ 3: ಅಳತೆ

ಹೆಚ್ಚು ಜನ ಸೋಲುವುದು ಇಲ್ಲಿಯೇ. ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಒಂದು ಸಣ್ಣ ಕಾಗದದ ಪಟ್ಟಿ ತೆಗೆದುಕೊಳ್ಳಿ. ಬೆರಳಿನಲ್ಲಿ ಅಂಗುಸ್ತಾನದ ಬಾಯಿ ಕೂರುವ ಜಾಗಕ್ಕೆ, ಅಂದರೆ ಉಗುರಿನ ಬುಡ ಮತ್ತು ಮೊದಲ ಗೆಣ್ಣಿನ ನಡುವೆ, ಸುತ್ತಿ. ಬಿಗಿ ಎಳೆಯಬೇಡಿ. ಎರಡು ತುದಿ ಸೇರುವಲ್ಲಿ ಗುರುತು ಹಾಕಿ ಅಳೆಯಿರಿ. ಆ ಸುತ್ತಳತೆಯನ್ನು 3.14ರಿಂದ ಭಾಗಿಸಿದರೆ ವ್ಯಾಸ ಸಿಗುತ್ತದೆ. ಉದಾಹರಣೆಗೆ, ಸುತ್ತಳತೆ 50 ಮಿಲಿಮೀಟರ್ ಇದ್ದರೆ ವ್ಯಾಸ ಸುಮಾರು 16 ಮಿಲಿಮೀಟರ್. ಅಂಗುಸ್ತಾನದ ಬಾಯಿಯ ಒಳಗಿನ ಅಡ್ಡಳತೆ ಅದಕ್ಕೆ ಹತ್ತಿರ ಇರಬೇಕು. ಅದರ ಮೇಲೆ ಬರೆದ ನಂಬರ್ ನಂಬಬೇಡಿ. ಒಬ್ಬ ತಯಾರಕರ 9, ಇನ್ನೊಬ್ಬರ 9 ಒಂದೇ ಆಗಿರಬೇಕೆಂದಿಲ್ಲ.

ಹಾಕಿ ನೋಡಲು ಅವಕಾಶ ಇದ್ದರೆ ಇನ್ನೂ ಒಳ್ಳೆಯದು. ಹೀಗೆ ಪರೀಕ್ಷಿಸಿ:

- ಹಾಕಿಕೊಂಡು ಕೈಯನ್ನು ಕೆಳಕ್ಕೆ ಇಳಿಬಿಟ್ಟು ಮೆಲ್ಲಗೆ ಅಲ್ಲಾಡಿಸಿ. ಬೀಳಬಾರದು.
- ಬೆರಳ ತುದಿ ಒಳಗಿನ ತಲೆಗೆ ಸುಮ್ನೆ ತಾಗಬೇಕು. ತುದಿಯಲ್ಲಿ ಖಾಲಿ ಜಾಗ ಜಾಸ್ತಿ ಇದ್ದರೆ ಸೂಜಿ ಎಲ್ಲಿದೆ ಅಂತ ಬೆರಳಿಗೆ ತಿಳಿಯುವುದಿಲ್ಲ.
- ಒಂದೆರಡು ನಿಮಿಷ ಹಾಗೇ ಬಿಡಿ. ಬೆರಳು ಮಿಡಿದ ಹಾಗಾದರೆ, ತೆಗೆದಾಗ ಕೆಂಪು ಗೆರೆ ಆಳವಾಗಿ ಉಳಿದರೆ, ಬಿಗಿ ಜಾಸ್ತಿ.
- ಬೆರಳು ಮಡಚಿ ನೋಡಿ. ಬಾಯಂಚು ಗೆಣ್ಣಿಗೆ ಒತ್ತಬಾರದು.

ಬೆರಳು ದಿನವಿಡೀ ಒಂದೇ ಗಾತ್ರ ಇರುವುದಿಲ್ಲ. ಸೆಕೆಯಲ್ಲಿ ಊದುತ್ತದೆ, ಚಳಿಯಲ್ಲಿ ಸೊರಗುತ್ತದೆ. ನೀವು ಸಾಮಾನ್ಯವಾಗಿ ಹೊಲಿಯುವ ಹೊತ್ತಿನಲ್ಲೇ ಅಳತೆ ತೆಗೆದುಕೊಳ್ಳಿ. ಜಾಸ್ತಿ ಹೊಲಿಯುವವರು ಎರಡು ಗಾತ್ರದವು ಇಟ್ಟುಕೊಂಡರೆ ಒಳ್ಳೆಯದು.

ಇರುವುದು ಸ್ವಲ್ಪ ದೊಡ್ಡದಾ? ಎಸೆಯಬೇಡಿ. ಒಳಗೆ ಬಟ್ಟೆಯ ಬ್ಯಾಂಡೇಜ್ ಪಟ್ಟಿಯ ಸಣ್ಣ ತುಂಡು ಅಂಟಿಸಿ. ತೆಳು ಹಿತ್ತಾಳೆಯದ್ದಾದರೆ ಬಾಯನ್ನು ಬೆರಳಿನ ಆಕಾರಕ್ಕೆ ತುಸು ಅಮುಕಬಹುದು. ನಮ್ಮ ಬೆರಳು ಪೂರ್ತಿ ದುಂಡಗಿರುವುದಿಲ್ಲ ಅಲ್ವಾ, ಸ್ವಲ್ಪ ಮೊಟ್ಟೆಯಾಕಾರ ಮಾಡಿದರೆ ಚೆನ್ನಾಗಿ ಕೂರುತ್ತದೆ. ಒಮ್ಮೆಗೇ ಜೋರಾಗಿ ಅಮುಕಿದರೆ ಸೊಟ್ಟಗಾಗುತ್ತದೆ, ನಿಧಾನ.

ಕೊಳ್ಳುವ ಮುಂಚೆ ಮೇಲಿನ ಗುಳಿಗಳನ್ನೂ ನೋಡಿ. ಸೂಜಿಯ ಹಿಂತುದಿ ನಿಲ್ಲುವುದು ಆ ಸಣ್ಣ ಗುಳಿಗಳಲ್ಲೇ. ಒಂದು ಸೂಜಿಯನ್ನು ಗುಳಿಗೆ ಆನಿಸಿ ಓರೆ ಮಾಡಿ ನೋಡಿ. ಜಾರಿದರೆ ಗುಳಿಗಳಿಗೆ ಆಳ ಸಾಲದು. ಅಲಂಕಾರಕ್ಕೆಂದೇ ಮಾಡಿದವುಗಳಲ್ಲಿ ಈ ಕೊರತೆ ಜಾಸ್ತಿ.

## ಹಂತ 4: ಸೂಜಿ, ದಾರ, ಬಟ್ಟೆ

ಕಲಿಯುವಾಗ ಉದ್ದ ಸೂಜಿ ಬೇಡ. ಸೂಜಿ ಉದ್ದವಾದಷ್ಟೂ ಅದರ ಹಿಂತುದಿ ನಡುಬೆರಳಿನಿಂದ ದೂರ ಹೋಗುತ್ತದೆ. 'ಬಿಟ್ವೀನ್ಸ್' ಅನ್ನುವ ಗಿಡ್ಡ ಸೂಜಿಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದವು. ಕೈಹೊಲಿಗೆ ಸೂಜಿಗಳಲ್ಲಿ ನಂಬರ್ ಹೆಚ್ಚಾದಷ್ಟೂ ಸೂಜಿ ಸಣ್ಣ. 8 ಅಥವಾ 9ರಿಂದ ಶುರು ಮಾಡಿ. 12 ತೀರಾ ಸಣ್ಣ, ಬಾಗುತ್ತದೆ. ಬಿಟ್ವೀನ್ಸ್ ಇಲ್ಲದಿದ್ದರೆ ಮಾಮೂಲಿ ಸೂಜಿಗಳಲ್ಲೇ ಗಿಡ್ಡದನ್ನು ಆರಿಸಿ.

ಬಟ್ಟೆ ಮೆತ್ತಗಿನ ಹತ್ತಿಯದ್ದಿರಲಿ, ಎರಡು ಪದರ. ದಾರ ಸುಮಾರು 45 ಸೆಂಟಿಮೀಟರ್ ಸಾಕು. ಉದ್ದ ದಾರ ಗಂಟು ಬೀಳುತ್ತದೆ, ಗಮನವೆಲ್ಲ ಅದರ ಕಡೆ ಹೋಗುತ್ತದೆ.

## ಹಂತ 5: ಮೊದಲು ದಾರ ಇಲ್ಲದೆ

ಇದನ್ನು ದಯವಿಟ್ಟು ಬಿಡಬೇಡಿ. ಅಂಗುಸ್ತಾನ ಹಾಕಿಕೊಂಡು, ದಾರ ಪೋಣಿಸದ ಸೂಜಿ ಹಿಡಿಯಿರಿ. ಹೆಬ್ಬೆರಳು, ತೋರುಬೆರಳು ಸೂಜಿಯ ನಡುಭಾಗದಲ್ಲಿ. ನಡುಬೆರಳು ಮಡಚಿ, ಅಂಗುಸ್ತಾನದ ಗುಳಿಯೊಂದಕ್ಕೆ ಸೂಜಿಯ ಹಿಂತುದಿ ಆನಿಸಿ. ಹೀಗೇ ಹಿಡಿದು, ತೆಗೆದು, ಮತ್ತೆ ಹಿಡಿಯಿರಿ. ನೋಡದೆಯೇ ಬೆರಳು ಸೂಜಿಯ ಹಿಂತುದಿಯನ್ನು ಹುಡುಕಿಕೊಳ್ಳುವ ತನಕ ಇದನ್ನೇ ಮಾಡಿ.

ಆಮೇಲೆ ಬಟ್ಟೆಗೆ ಸೂಜಿ ತೂರಿಸಿ, ತಳ್ಳಿ, ಹೊರಗೆ ತೆಗೆಯಿರಿ. ದಾರ ಇಲ್ಲದಿರುವುದರಿಂದ ಹೊಲಿಗೆ ಹಾಳಾಗುವ ಭಯ ಇಲ್ಲ. ಕೈ ಚಲನೆಯೊಂದೇ ಕಲಿಯಬೇಕಾದದ್ದು.

ಟೈಲರಿಂಗ್‌ನಲ್ಲಿ ಹಳೆಯ ಒಂದು ಪದ್ಧತಿ ಇದೆ. ಕೆಲಸ ಕಲಿಯಲು ಬಂದ ಹುಡುಗರ ನಡುಬೆರಳನ್ನು ಮಡಚಿ ದಾರದಿಂದ ಕಟ್ಟಿಬಿಡುತ್ತಿದ್ದರು. ಬೆರಳು ಮಡಚಿದ ಸ್ಥಿತಿಯಲ್ಲೇ ಇರುವುದನ್ನು ರೂಢಿ ಮಾಡಿಸಲು ಹಾಗೆ. ಮನೆಯಲ್ಲಿ ಕಲಿಯುವವರು ಕಟ್ಟಿಕೊಳ್ಳಬೇಕಿಲ್ಲ. ಆದರೆ ಅದರ ಹಿಂದಿನ ವಿಚಾರ ಸರಿಯಾದದ್ದು: ನಡುಬೆರಳು ನೆಟ್ಟಗಾದರೆ ತಳ್ಳುವ ಬಲ ಹೋಯಿತು.

## ಹಂತ 6: ತಳ್ಳುವ ಕ್ರಮ

ಈಗ ದಾರ ಪೋಣಿಸಿ. ಮುಚ್ಚಿದ ತುದಿಯದ್ದಾದರೆ ಅಂಗುಸ್ತಾನದ ತುದಿಗೆ ಹತ್ತಿರದ ಪಕ್ಕದ ಭಾಗದಿಂದ ತಳ್ಳಿ. ತುದಿ ತೆರೆದದ್ದಾದರೆ ಉಗುರಿನ ಪಕ್ಕದ ಭಾಗದಿಂದ.

ಸೂಜಿಯ ಮೊನೆ ಬಟ್ಟೆಗೆ ಇಳಿಯುವಾಗ ಹೆಬ್ಬೆರಳು ಮತ್ತು ತೋರುಬೆರಳು ದಿಕ್ಕು ಕೊಡುತ್ತವೆ. ಮೊನೆ ಒಳಗೆ ಹೋದ ಕೂಡಲೇ ಅವುಗಳ ಹಿಡಿತ ಸಡಿಲಿಸಿ, ನಡುಬೆರಳಿನಿಂದ ತಳ್ಳಿ. ಬಲ ಯಾವಾಗಲೂ ಸೂಜಿಯ ಉದ್ದಕ್ಕೆ ನೇರ ಇರಬೇಕು. ಓರೆಯಾಗಿ ತಳ್ಳಿದರೆ ಸೂಜಿ ಬಾಗುತ್ತದೆ, ಇಲ್ಲವೇ ಗುಳಿಯಿಂದ ಜಾರುತ್ತದೆ. ಸೂಜಿ ಮುಕ್ಕಾಲು ಭಾಗ ಆಚೆ ಬಂದ ಮೇಲೆ ಮುಂದಿನಿಂದ ಹಿಡಿದು ಎಳೆಯಿರಿ.

ಎಡಗೈಯೂ ಕೆಲಸ ಮಾಡಬೇಕು. ಬಟ್ಟೆಯನ್ನು ಸ್ವಲ್ಪ ಬಿಗಿಯಾಗಿ ಹಿಡಿದು, ಮೊನೆ ಇಳಿಯುವಾಗ ಬಟ್ಟೆಯನ್ನು ಸೂಜಿಯ ಕಡೆಗೆ ತಂದುಕೊಡಿ. ಸಡಿಲ ಬಟ್ಟೆಗೆ ಎಷ್ಟು ತಳ್ಳಿದರೂ ಅದು ಸೂಜಿಯ ಜೊತೆಗೇ ಓಡುತ್ತದೆ.

ಒಂದೊಂದು ಹೊಲಿಗೆ ಸಲೀಸಾದ ಮೇಲೆ ಸಾಲು ಹೊಲಿಗೆಗೆ ಹೋಗಿ. ಸೂಜಿಯ ಹಿಂತುದಿ ಅಂಗುಸ್ತಾನದಿಂದ ಕದಲುವುದಿಲ್ಲ. ಮೊನೆ ಮಾತ್ರ ಮೇಲೆ, ಕೆಳಗೆ ತೂಗುತ್ತಾ ಒಂದು, ಎರಡು, ಮೂರು ಹೊಲಿಗೆಗಳನ್ನು ಸೂಜಿಯ ಮೇಲೆ ಕೂಡಿಸಿಕೊಳ್ಳುತ್ತದೆ. ಆಮೇಲೆ ಒಂದೇ ಸಲ ತಳ್ಳಿ ಎಳೆಯುವುದು. ಇದು ಕೈಗೆ ಬಂದ ದಿನ ಅಂಗುಸ್ತಾನ ಇಲ್ಲದೆ ಹೊಲಿಯಲು ಮನಸ್ಸೇ ಬರುವುದಿಲ್ಲ. ಹೊಲಿಗೆಗೆ ಒಂದು ಲಯ ಬಂದುಬಿಡುತ್ತದೆ.

ದಿನಕ್ಕೆ ಕಾಲು ಗಂಟೆ ಮಾಡಿದರೂ ಸಾಕು, ಆದರೆ ದಿನಾ ಮಾಡಿ. ಮೊದಲ ಕೆಲವು ದಿನ ಹೊಲಿಗೆ ವಕ್ರವಾಗಿ, ನಿಧಾನವಾಗಿ ಬರುತ್ತದೆ. ಬೇಸರಪಟ್ಟು ತೆಗೆದಿಡಬೇಡಿ. ಆ ದಿನಗಳಲ್ಲಿ ಮುಖ್ಯ ಕೆಲಸಕ್ಕೆ ಕೈ ಹಾಕದೆ ಕಚ್ಚಾ ಹೊಲಿಗೆ, ಹಳೆ ಬಟ್ಟೆಯ ರಿಪೇರಿ ಮಾಡಿ.

## ಹಂತ 7: ದಪ್ಪ ಬಟ್ಟೆ

ಜೀನ್ಸ್, ಕ್ಯಾನ್ವಾಸ್, ನಾಲ್ಕಾರು ಪದರದ ಅಂಚು. ಇಲ್ಲಿ ಅಂಗುಸ್ತಾನದ ಬೆಲೆ ಗೊತ್ತಾಗುತ್ತದೆ. ಸ್ವಲ್ಪ ದಪ್ಪ ಸೂಜಿ, ಲೋಹದ ಅಂಗುಸ್ತಾನ. ಒಂದೊಂದೇ ಹೊಲಿಗೆ, ಸೂಜಿ ಬಟ್ಟೆಗೆ ಆದಷ್ಟು ನೆಟ್ಟಗೆ.

ತಳ್ಳುವುದಕ್ಕೂ ಮಿತಿ ಇದೆ. ಸೂಜಿ ಕದಲದಿದ್ದರೆ ಇನ್ನೂ ಜೋರು ಮಾಡಬೇಡಿ. ಸೂಜಿ ಮುರಿದರೆ ಚೂರು ಎಲ್ಲಿಗೆ ಹಾರುತ್ತದೋ ಹೇಳಲಾಗದು. ವಾಪಸ್ ತೆಗೆದು, ಒಂದು ಕೂದಲೆಳೆ ಪಕ್ಕದಲ್ಲಿ ಚುಚ್ಚಿ. ಮೊನೆ ಆಚೆ ಬಂದು ನಿಂತಿದ್ದರೆ ಚಿಕ್ಕ ಇಕ್ಕಳದಿಂದ ನೇರವಾಗಿ ಎಳೆಯಿರಿ. ತೋರುಬೆರಳಿಗೆ ರಬ್ಬರ್ ಟೋಪಿ ಹಾಕಿಕೊಂಡರೂ ಎಳೆಯಲು ಒಳ್ಳೆ ಹಿಡಿತ ಸಿಗುತ್ತದೆ.

## ಎಡವುವ ಜಾಗಗಳು

ಸೂಜಿ ಪದೇ ಪದೇ ಜಾರುತ್ತಿದ್ದರೆ ಮೊದಲು ಕೋನ ನೋಡಿ, ಆಮೇಲೆ ಗುಳಿ ಸವೆದಿದೆಯಾ ನೋಡಿ. ಬೆರಳು ಬೆವರಿ ಅಂಗುಸ್ತಾನ ಜಾರುತ್ತಿದ್ದರೆ ಆಗಾಗ ತೆಗೆದು ಒರೆಸಿ, ಅಥವಾ ತುದಿ ತೆರೆದದ್ದಕ್ಕೆ ಬದಲಾಯಿಸಿ. ಬೆರಳು ತೀರಾ ಒಣಗಿ ಜಾರಿದರೆ ತುದಿಗೆ ನೀರಿನ ಪಸೆ ಮುಟ್ಟಿಸಿ.

ದಾರ ಅಂಗುಸ್ತಾನಕ್ಕೆ ಸಿಕ್ಕಿಕೊಳ್ಳುತ್ತಿದ್ದರೆ ಅದರ ಅಂಚಿನಲ್ಲಿ ಎಲ್ಲೋ ಮುಳ್ಳೆದ್ದಿದೆ ಅಂತ ಅರ್ಥ. ನುಣುಪು ಉಜ್ಜುಕಾಗದದಿಂದ ಎರಡು ಸಲ ಉಜ್ಜಿದರೆ ಹೋಗುತ್ತದೆ. ಬಟ್ಟೆಯ ಕೆಳಗಿರುವ ಬೆರಳಿಗೆ ಮೊನೆ ಚುಚ್ಚುತ್ತಿದೆಯಾ? ಕೌದಿ ಹೊಲಿಯುವವರಿಗೆ ಇದು ತಪ್ಪಿದ್ದಲ್ಲ. ಆ ಕೈಯ ತೋರುಬೆರಳಿಗೆ ಒಂದು ತೆಳು ಚರ್ಮದ ಟೋಪಿ ಹಾಕಿ.

## ಮನೆಯಲ್ಲೇ ಚರ್ಮದ ಉಂಗುರ ಮಾಡಿಕೊಳ್ಳಿ

ಹಳೆಯ ಪರ್ಸ್ ಅಥವಾ ಕೈಗವಸಿನ ಚರ್ಮ ಸಾಕು. ಎರಡು ಸೆಂಟಿಮೀಟರ್ ಅಗಲದ ಪಟ್ಟಿ ಕತ್ತರಿಸಿ. ಉದ್ದ ಎಷ್ಟು? ನಡುಬೆರಳಿನ ಎರಡು ಗೆಣ್ಣುಗಳ ನಡುವಿನ ಸುತ್ತಳತೆ, ಜೊತೆಗೆ ಒಂದರ ಮೇಲೊಂದು ಕೂರಲು ಒಂದು ಸೆಂಟಿಮೀಟರ್. ಹಾಗೇ ಸುತ್ತಿ, ಗೆಣ್ಣು ದಾಟಿ ಒಳಗೆ ಹೋಗುತ್ತದೆಯೇ ನೋಡಿ. ಹೋಗದಿದ್ದರೆ ಸ್ವಲ್ಪ ಸಡಿಲಿಸಿ. ತುದಿಗಳನ್ನು ಒಂದರ ಮೇಲೊಂದು ಇಟ್ಟು ಗಟ್ಟಿ ದಾರದಿಂದ ಎರಡು ಸಾಲು ಹೊಲಿಯಿರಿ. ತಳ್ಳುವ ಜಾಗಕ್ಕೆ ಇನ್ನೊಂದು ಚಿಕ್ಕ ತುಂಡನ್ನು ಒಳಗಿನಿಂದ ಅಂಟಿಸಿದರೆ ಬೇಗ ತೂತಾಗುವುದಿಲ್ಲ. ಜೋಡಿಸಿದ ಭಾಗ ಬೆರಳಿನ ಮೇಲ್ಗಡೆ ಬರುವ ಹಾಗೆ ಹಾಕಿಕೊಳ್ಳಿ, ಅಂಗೈ ಕಡೆ ಸೂಜಿಗೆ ಬಿಡಿ. ಇದಕ್ಕೆ ಉದ್ದ ಸೂಜಿಯೇ ಸರಿ.

ಕೊರಿಯಾದಲ್ಲಿ 'ಗೋಲ್ಮು' ಅಂತ ಬಟ್ಟೆಯಿಂದಲೇ ಅಂಗುಸ್ತಾನ ಮಾಡುತ್ತಾರೆ. ಎರಡು ಪುಟ್ಟ ತುಂಡುಗಳಿಗೆ ಕಸೂತಿ ಹಾಕಿ, ಅಂಚು ಸೇರಿಸಿ ಹೊಲಿಯುತ್ತಾರೆ. ಬಟ್ಟೆ ಪದರ ಪದರವಾಗಿ ಗಟ್ಟಿಯಾಗಿದ್ದರೆ ಅದೂ ಸೂಜಿ ತಡೆಯುತ್ತದೆ.

## ಕಾಪಾಡಿಕೊಳ್ಳುವುದು

ಲೋಹದ್ದನ್ನು ಆಗಾಗ ಸೋಪು ನೀರಲ್ಲಿ ತೊಳೆದು, ಒಳಗಡೆ ಚೆನ್ನಾಗಿ ಒಣಗಿಸಿ ಇಡಿ. ಉಕ್ಕಿನದಾದರೆ ತೇವ ಉಳಿದರೆ ತುಕ್ಕು ಹಿಡಿದು ಬಟ್ಟೆಗೆ ಕಲೆ ಮಾಡುತ್ತದೆ. ಚರ್ಮದ್ದನ್ನು ನೀರಿಗೆ ಹಾಕಬೇಡಿ. ಹೊಲಿಯುವಾಗ ಏಳಬೇಕಾದರೆ ಅಂಗುಸ್ತಾನ ತೆಗೆದು ಪ್ರತಿ ಸಲ ಒಂದೇ ಜಾಗದಲ್ಲಿ ಇಡಿ. ದುಂಡಗಿರುವುದರಿಂದ ಉರುಳಿ ಹೋಗುತ್ತದೆ, ಹುಡುಕುವುದು ಕಷ್ಟ.

ಗುಳಿಗಳ ತಳವನ್ನು ಬೆಳಕಿಗೆ ಹಿಡಿದು ನೋಡುವ ಅಭ್ಯಾಸ ಇರಲಿ. ಸೂಜಿಮೊನೆಯಷ್ಟು ಬೆಳಕು ತೂರಿ ಬಂದರೂ ಅದನ್ನು ಕೆಲಸಕ್ಕೆ ಬಳಸಬೇಡಿ. ಸೂಜಿಯ ಹಿಂತುದಿ ಆ ತೂತಿನಲ್ಲಿ ಇಳಿದು ಉಗುರಿನ ಕೆಳಗೆ ಚುಚ್ಚಬಹುದು. ಹಳೆಯದರ ಮೇಲೆ ಪ್ರೀತಿ ಇದ್ದರೆ ಇಟ್ಟುಕೊಳ್ಳಿ, ಹೊಲಿಯಲು ಮಾತ್ರ ಅದೇ ಅಳತೆಯ ಹೊಸದು ತನ್ನಿ.